ಬಾಣಂತನಕ್ಕೆ ಹೋಗಿ ಕಲ್ಲು ತಂದದ್ದು

ಮದುವೆಯಾಗಿ 38 ವರ್ಷವಾಯಿತು, ನಮ್ಮ ಮನೆಗೆ ಹೊರಗಿನಿಂದ ಬೀಗ ಬಿದ್ದದ್ದನ್ನು ನಾನು ಕಂಡಿಲ್ಲ. ಕಳ್ಳರ ಭಯ ಇದಕ್ಕೆ ಕಾರಣವಲ್ಲ. ನಮ್ಮ ಮನೆಗೆ ನುಗ್ಗಿದ ಕಳ್ಳ, ಪಾಪ, ಕನಿಕರದಿಂದ ಏನಾದರೂ ಇಟ್ಟುಹೋಗಬೇಕಾದೀತು. ಕಾರಣ ದೇವರ ಮನೆಯ ತಾಮ್ರದ ಸಂಪುಟದಲ್ಲಿರುವ ಐದು ಸಾಲಿಗ್ರಾಮಗಳು. ಅವುಗಳಿಗೆ ನಿತ್ಯಪೂಜೆ ತಪ್ಪಬಾರದು. ಹೀಗಾಗಿ ನೆಂಟರಿಷ್ಟರ ಮದುವೆ ಮುಂಜಿಗಳಲ್ಲಿ ನಮ್ಮದು ಯಾವಾಗಲೂ ಅರ್ಧ ಹಾಜರಿ. ನಾನು ಹೋದರೆ ಇವರು ಮನೆಯಲ್ಲಿ. ಇವರು ಹೋದರೆ ನಾನು ಮನೆಯಲ್ಲಿ ಎನ್ನುವ ಹಾಗೂ ಇಲ್ಲ, ಯಾಕೆಂದರೆ ಹೆಂಗಸರು ಸಾಲಿಗ್ರಾಮ ಮುಟ್ಟಬಾರದೆಂಬುದು ನಮ್ಮತ್ತೆಯವರ ಕಾಲದಿಂದ, ಅವರತ್ತೆಯವರ ಕಾಲದಿಂದ ನಡೆದುಬಂದ ಪದ್ಧತಿ. ಹೂವು ಕಟ್ಟಿ ಕೊಡುವುದು ನಾನು, ಗಂಧ ತೇಯ್ದು ಕೊಡುವುದು ನಾನು, ತಟ್ಟೆ ಬಟ್ಟಲು ಹುಣಸೆಹಣ್ಣು ಹಾಕಿ ಬೆಳಗುವುದು ನಾನು. ಆಮೇಲೆ ಹೊಸಿಲಿನ ಈಚೆ ನಿಲ್ಲುವುದೂ ನಾನೇ. ಅಲ್ಲಿಂದ ಕಾಣುವುದು ಇವರ ಬೆನ್ನು, ಜನಿವಾರ, ಆಗಾಗ ಭುಜದ ಪಕ್ಕದಲ್ಲಿ ಕಪ್ಪಗೆ ಹೊಳೆದು ಮಾಯವಾಗುವ ಒಂದು ಉರುಟು.

ಈ ಕಾರಣಕ್ಕೆ ಮಗಳ ಬಾಣಂತನಕ್ಕೆಂದು ಕೆನಡಾದ ಕ್ಯಾಲ್ಗರಿಗೆ ನಾನೊಬ್ಬಳೇ ಹೊರಟೆ. ಅಂಟಿನುಂಡೆ, ಮೆಂತ್ಯದ ಹಿಟ್ಟು, ಲೇಹ್ಯ, ಒಣಶುಂಠಿ, ಎರಡು ಬಗೆಯ ಚಟ್ನಿಪುಡಿ, ಹಳೆಯ ಮೆತ್ತನೆ ಪಂಚೆಗಳು ಎಲ್ಲ ಸೇರಿ ಪೆಟ್ಟಿಗೆಗಳು ತೂಕದ ಮಿತಿಯನ್ನು ಮುಟ್ಟಿ ನಿಂತಿದ್ದವು. ತೂಗುವ ಯಂತ್ರದ ಮುಂದೆ ನಿಂತು ಇವರು, "ಕಲ್ಲು ತುಂಬಿದ್ದೀಯೇನೇ?" ಎಂದರು. ಇವರ ಬಾಯಲ್ಲಿ ಮಚ್ಚೆ ಇದೆಯೋ ಏನೋ. ಹೋಗುವಾಗ ತುಂಬಿರಲಿಲ್ಲ.

ಅಳಿಯಂದಿರು ಎಣ್ಣೆ ಕಂಪನಿಯೊಂದರಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾರೆ. ಮಿತಭಾಷಿ. ಸಿಗರೇಟಿಲ್ಲ, ಇಸ್ಪೀಟಿಲ್ಲ ಎಂದು ಮದುವೆಗೆ ಮುಂಚೆ ವಿಚಾರಿಸಿ ತಿಳಿದುಕೊಂಡಿದ್ದೆವು. ಕಲ್ಲಿನ ಹುಚ್ಚು ಇದೆಯೇ ಎಂದು ಕೇಳಬೇಕೆಂದು ಯಾರಿಗೆ ತಾನೇ ಹೊಳೆಯುತ್ತದೆ? ಮಗುವಿನ ಬಟ್ಟೆ ಜೋಡಿಸೋಣವೆಂದು ಬೀರು ತೆರೆದರೆ ಮೂರು ಅಂಕಣಗಳಲ್ಲಿ ಕಲ್ಲು. ಪ್ರತಿಯೊಂದಕ್ಕೂ ಹತ್ತಿಯ ಹಾಸಿಗೆ, ಹೆಸರಿನ ಚೀಟಿ. ನನ್ನ ಮೊಮ್ಮಗನಿಗೆ ಆಗಿನ್ನೂ ಹೆಸರಿಟ್ಟಿರಲಿಲ್ಲ.

"ಅಮ್ಮ, ಅದನ್ನ ಕೇಳ್ಬೇಡ. ಶುರು ಮಾಡಿದ್ರೆ ನಿಲ್ಸಲ್ಲ" ಎಂದಳು ಮಗಳು. ನಾನು ಕೇಳಲಿಲ್ಲ. ಆದರೆ ಕಿಟಕಿಯ ಹತ್ತಿರ ನಿಲ್ಲಿಸಿದ್ದ ಒಂದನ್ನು ನೋಡದೆ ಇರಲಾಗಲಿಲ್ಲ. ದೋಸೆ ಕಾವಲಿಯಷ್ಟು ಅಗಲ, ಚಕ್ಕುಲಿಯ ಹಾಗೆ ಒಳಗೊಳಗೆ ಸುತ್ತಿಕೊಂಡದ್ದು. ಮೈಮೇಲೆ ನವಿಲುಕತ್ತಿನ ಬಣ್ಣದ ರೇಷ್ಮೆ ಹಾಸಿದ ಹಾಗೆ. ನನ್ನ ಮದುವೆಯ ಸೀರೆಯೊಂದು ಹಾಗಿತ್ತು: ಹೀಗೆ ಹಿಡಿದರೆ ಹಸಿರು, ಮಗ್ಗುಲು ಹೊರಳಿಸಿದರೆ ಕೆಂಪು, ನೆರಿಗೆಯಲ್ಲಿ ಎಲ್ಲೋ ಒಂದು ನೀಲಿ. ಸೀರೆಯಾದರೆ ಹಾಸಿನ ನೂಲು ಒಂದು, ಹೊಕ್ಕಿನ ನೂಲು ಇನ್ನೊಂದು ಎಂದು ಗೊತ್ತು. ಕಲ್ಲಿಗೆ ನೇಯ್ದವರ್‍ಯಾರು? ಮುಟ್ಟಿ ನೋಡೋಣವೆಂದು ಕೈ ಚಾಚಿದೆ.

"ಅಮ್ಮೊನೈಟ್, ಅತ್ತೆ" ಎಂದರು ಹಿಂದಿನಿಂದ ಅಳಿಯಂದಿರು. "ಏಳು ಕೋಟಿ ವರ್ಷದ ಹಿಂದೆ ಸಮುದ್ರದಲ್ಲಿದ್ದ ಪ್ರಾಣಿಯ ಚಿಪ್ಪು. ನಿಮ್ಮ ಮನೆ ಸಾಲಿಗ್ರಾಮದೊಳಗಿರೋ ಚಕ್ರವೂ ಇದೇ ಬಳಗದ್ದು."

ಕೈ ತಾನಾಗಿಯೇ ಹಿಂದಕ್ಕೆ ಬಂತು. ಬಿಸಿ ಬಾಣಲೆ ತಾಗಿದವಳ ಹಾಗೆ.

ಮಗಳು ಹೇಳಿದ್ದು ನಿಜ, ಅವರು ನಿಲ್ಲಿಸಲಿಲ್ಲ. ಆದರೆ ಬಾಣಂತಿಯ ಮನೆಯಲ್ಲಿ ರಾತ್ರಿ ಎರಡಕ್ಕೆ, ಮೂರಕ್ಕೆ ಮಗುವನ್ನು ಹೆಗಲಮೇಲೆ ಹಾಕಿಕೊಂಡು ತಿರುಗಾಡುವ ಇಬ್ಬರಿಗೆ ಮಾತಿಗೊಂದು ವಿಷಯ ಬೇಕು. ರಾಜಕೀಯ ತೆಗೆದರೆ ಜಗಳವಾಗುತ್ತದೆ, ನೆಂಟರ ವಿಷಯ ತೆಗೆದರೆ ಇನ್ನೂ ದೊಡ್ಡ ಜಗಳ. ಏಳು ಕೋಟಿ ವರ್ಷದ ಹಿಂದಿನದು ಕ್ಷೇಮ.

ಅಮ್ಮೊನೈಟ್ ನೋಡಲು ಬಸವನಹುಳುವಿನಂತಿದ್ದರೂ ಆ ಕುಲದ್ದಲ್ಲವಂತೆ. ಅದರ ನಂಟಸ್ತಿಕೆ ಆಕ್ಟೋಪಸ್, ಬೊಂಡಾಸಗಳ ಕಡೆಗೆ. ಬಸವನಹುಳು ತನ್ನ ಚಿಪ್ಪಿನ ತುದಿಯವರೆಗೂ ಮೈ ತುರುಕಿಕೊಂಡಿರುತ್ತದೆ, ಇದು ಹಾಗಲ್ಲ. ಬೆಳೆದ ಹಾಗೆಲ್ಲ ಮುಂದೆ ಸ್ವಲ್ಪ ದೊಡ್ಡ ಜಾಗ ಕಟ್ಟಿಕೊಂಡು, ಅಲ್ಲಿಗೆ ಸರಿದು, ಬೆನ್ನ ಹಿಂದೆ ಗೋಡೆ ಎಬ್ಬಿಸಿಬಿಡುತ್ತಿತ್ತು. ವಾಸ ಯಾವಾಗಲೂ ಕಡೆಯ ಕೋಣೆಯಲ್ಲಿ, ಹಿಂದಿನವೆಲ್ಲ ಖಾಲಿ. ಕೇಳುತ್ತ ಕೇಳುತ್ತ ನಮ್ಮ ಮೈಸೂರಿನ ಮನೆ ನೆನಪಾಯಿತು. ಮೊದಲ ಮಗುವಿಗೊಂದು ರೂಮು, ಎರಡನೆಯದಕ್ಕೊಂದು, ಸಾಲ ತೀರಿದ ಮೇಲೆ ಮಹಡಿ. ಈಗ ಮಕ್ಕಳು ಹೊರಟುಹೋಗಿ, ನಾವಿಬ್ಬರೂ ಮುಂದಿನ ಹಜಾರದಲ್ಲೇ ಇರುವುದು. ಹಿಂದಿನ ಕೋಣೆಗಳಲ್ಲಿ ಹಳೆಯ ಪತ್ರಿಕೆ, ತೆಂಗಿನಕಾಯಿ. ಆದರೆ ಅಮ್ಮೊನೈಟ್ ನಮಗಿಂತ ಜಾಣ. ಖಾಲಿ ಕೋಣೆಗಳನ್ನೂ ಅದು ದುಡಿಸಿಕೊಳ್ಳುತ್ತಿತ್ತು. ಎಲ್ಲ ಕೋಣೆಗಳ ಮೂಲಕ ಒಂದು ಸಣ್ಣ ಕೊಳವೆ. ಅದರಿಂದ ಒಳಗಿನ ನೀರನ್ನು ಹೀರಿ ತೆಗೆದರೆ ಕೋಣೆಗಳಲ್ಲಿ ಗಾಳಿಯಂಥ ಅನಿಲ ತುಂಬಿ, ಅಷ್ಟು ಭಾರದ ಚಿಪ್ಪು ಹೊತ್ತೂ ಮುಳುಗದೆ ತೇಲಿಕೊಂಡಿರುತ್ತಿತ್ತು. ಕೋಣೆಗಳ ನಡುವಿನ ಗೋಡೆಗಳು ಚಿಪ್ಪನ್ನು ಸೇರುವಲ್ಲಿ ನೆಟ್ಟಗಿರದೆ ಸುಕ್ಕುಸುಕ್ಕಾಗಿರುತ್ತವೆ. ಹೊರಪದರ ಉದುರಿದ ಕಲ್ಲುಗಳಲ್ಲಿ ಆ ಗೆರೆ ಎದ್ದು ಕಾಣುತ್ತದೆ, ಜರೀಗಿಡದ ಎಲೆಯನ್ನು ರಂಗೋಲಿಪುಡಿಯಲ್ಲಿ ಬಿಟ್ಟ ಹಾಗೆ. ಒಂದೊಂದು ಜಾತಿಗೂ ಅದರದೇ ರಂಗೋಲಿ. ಗೆರೆ ನೋಡಿ ಕುಲ ಹೇಳಬಹುದು.

ಸುಮಾರು 40 ಕೋಟಿ ವರ್ಷದ ಹಿಂದೆ ಈ ವಂಶದವರು ಕಾಣಿಸಿಕೊಂಡರು. 6.6 ಕೋಟಿ ವರ್ಷದ ಹಿಂದೆ ಡೈನೋಸಾರ್‌ಗಳ ಜೊತೆಗೇ ಮುಗಿದುಹೋದರು. ಹೆಸರು ಮಾತ್ರ ತೀರ ಈಚಿನದು. ಈಜಿಪ್ಟಿನ ಅಮ್ಮೋನ್ ದೇವರಿಗೆ ಟಗರಿನ ಕೊಂಬು. ಇವು ಆ ಕೊಂಬಿನ ಹಾಗೆ ಸುರುಳಿ. ರೋಮಿನ ಪ್ಲಿನಿ ಎಂಬ ಹಳೆಯ ಪಂಡಿತ 'ಅಮ್ಮೋನನ ಕೊಂಬು' ಎಂಬ ಹೊನ್ನ ಬಣ್ಣದ ಕಲ್ಲನ್ನು ಇಥಿಯೋಪಿಯದವರು ಬಹಳ ಪವಿತ್ರವೆಂದು ಎಣಿಸುತ್ತಾರೆ, ಅದರಿಂದ ಮುಂದಾಗುವುದು ಕನಸಿನಲ್ಲಿ ಕಾಣುತ್ತದೆ ಎಂದು ಬರೆದಿದ್ದಾನಂತೆ. ಪರೀಕ್ಷೆಗೆಂದು ನನ್ನ ಮಂಚದ ಪಕ್ಕಕ್ಕೆ ಒಂದನ್ನು ತರಿಸಿಕೊಂಡೆ. ಹಾಲು ಉಕ್ಕಿಹೋದಂತೆ ಕನಸು ಬಿತ್ತು. ಬೆಳಿಗ್ಗೆ ನಿಜವಾಗಿಯೂ ಉಕ್ಕಿತು. ಆದರೆ ಹಾಲು ನಮ್ಮ ಮನೆಯಲ್ಲಿ ಕಲ್ಲಿಲ್ಲದೆಯೂ ಉಕ್ಕುತ್ತದೆ, ಹಾಗಾಗಿ ಪ್ಲಿನಿಯ ಪರವಾಗಿ ಇದನ್ನು ಸಾಕ್ಷಿ ಹೇಳಲಾರೆ.

ಇಂಗ್ಲೆಂಡಿನ ವಿಟ್ಬಿ ಊರಿನವರು ಇವನ್ನು ಹಾವು ಎಂದುಕೊಂಡರು. ಹಿಲ್ಡಾ ಎಂಬ ಸಂತಳು ಊರ ಹಾವುಗಳನ್ನೆಲ್ಲ ಕಲ್ಲಾಗಿಸಿದಳಂತೆ. ಹಾವಾದರೆ ಹೆಡೆ ಎಲ್ಲಿ ಎಂದು ಕೊಳ್ಳುವವರು ಕೇಳದಿರುತ್ತಾರೆಯೇ? ಅಲ್ಲಿನ ಕಸುಬುದಾರರು ಕಲ್ಲಿನ ತುದಿಗೆ ತಲೆ ಕೆತ್ತಿ, ಕಣ್ಣು ಮಾಡಿ ಮಾರಿದರು. ನಮ್ಮವರು ತಲೆ ಕೆತ್ತುವ ಗೋಜಿಗೆ ಹೋಗಲಿಲ್ಲ. ವಜ್ರಕೀಟವೆಂಬ ಹುಳು ಗಂಡಕಿ ನದಿಯ ಕಲ್ಲನ್ನು ಕೊರೆದು ಒಳಹೊಕ್ಕು ಅಲ್ಲಿ ಚಕ್ರ ಕೆತ್ತುತ್ತದೆ ಎಂದರು. ಈ ಕಥೆಯನ್ನು ನಾನು ಸಣ್ಣವಳಿದ್ದಾಗಿನಿಂದ ಕೇಳಿದ್ದೆ. ಕಲ್ಲಿನೊಳಗೆ ಒಂದು ಜೀವ ಇತ್ತು, ಆ ಸುತ್ತು ಅದರದೇ ಕೈಕೆಲಸ ಎಂಬಷ್ಟನ್ನು ಯಾರೋ ಬಹಳ ಹಿಂದೆಯೇ ಸರಿಯಾಗಿ ಹಿಡಿದಿದ್ದರಲ್ಲ. ಹುಳು ಕಲ್ಲಿಗಿಂತ ಮೊದಲು ಬಂತೋ ಆಮೇಲೆ ಬಂತೋ ಎಂಬುದೊಂದು ಹಿಂದುಮುಂದಾಗಿದೆ, ಅಷ್ಟೆ. ಹಿಮಾಲಯ ಮೇಲೇಳುವ ಮೊದಲು ಅಲ್ಲಿ ಟೆಥಿಸ್ ಎಂಬ ಸಮುದ್ರವಿತ್ತು. ಅದರ ತಳದ ಕೆಸರಿನಲ್ಲಿ ಹೂತ ಚಿಪ್ಪುಗಳೇ ಈಗ ನೇಪಾಳದ ಮುಸ್ತಾಂಗ್, ಮುಕ್ತಿನಾಥದ ಕಡೆಯ ಕಪ್ಪು ಶಿಲೆಯಿಂದ ಕಳಚಿಕೊಂಡು ಕಾಲಿಗಂಡಕಿಯಲ್ಲಿ ಉರುಳಿ ನುಣುಪಾಗಿ ನಮ್ಮ ಸಂಪುಟಕ್ಕೆ ಬರುವುದು.

"ನಮ್ಮ ಮೈಸೂರು ಕಡೆ ಇವು ಸಿಗಲ್ವಾ?" ಎಂದು ಒಂದು ರಾತ್ರಿ ಕೇಳಿದೆ.

"ಇಲ್ಲ ಅತ್ತೆ. ನಮ್ಮ ಬಂಡೆಗಳು ತೀರಾ ಹಳೇವು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಆಗ ಚಿಪ್ಪಿನ ಪ್ರಾಣಿಗಳೇ ಹುಟ್ಟಿರಲಿಲ್ಲ. ಹತ್ತಿರದಲ್ಲಿ ಅಂದ್ರೆ ತಮಿಳುನಾಡಿನ ಅರಿಯಲೂರು. ಅಲ್ಲಿ ಸಮುದ್ರ ಒಳಗೆ ಬಂದಿತ್ತು."

ನೀರೆಲ್ಲ ಅವರ ಕಡೆಗೇ ಹೋಗುವುದು ಕಾವೇರಿಯಿಂದ ಶುರುವಾದದ್ದಲ್ಲ ಎಂದು ಆಗ ತಿಳಿಯಿತು.

ಇನ್ನು ಬಣ್ಣದ ಮಾತು. ಎಲ್ಲ ಅಮ್ಮೊನೈಟ್‌ಗೂ ಈ ಬೆಡಗಿಲ್ಲ. ಅಳಿಯಂದಿರ ಬೀರುವಿನಲ್ಲಿ ರಷ್ಯದ ವೋಲ್ಗಾ ದಂಡೆಯದು, ಮಡಗಾಸ್ಕರಿನದು ಒಂದೆರಡು ಮಿಣುಕುವುದನ್ನು ಕಂಡೆ. ಆದರೆ ಆಲ್ಬರ್ಟಾ ಪ್ರಾಂತ್ಯದ ದಕ್ಷಿಣಕ್ಕೆ ಸಿಗುವ ಕಲ್ಲಿನ ಮುಂದೆ ಅವು ಒಗೆದು ಒಗೆದು ಬಣ್ಣ ಹೋದ ಸೀರೆಗಳು. ಇಲ್ಲಿಯದಕ್ಕೆ ಅಮ್ಮೊಲೈಟ್ ಎಂದು ಬೇರೆಯೇ ಹೆಸರು. 1981ರಲ್ಲಿ ಆಭರಣಲೋಕದ ಅಂತರರಾಷ್ಟ್ರೀಯ ಒಕ್ಕೂಟ ಇದನ್ನು ರತ್ನವೆಂದು ಒಪ್ಪಿತು. 2004ರಲ್ಲಿ ಆಲ್ಬರ್ಟಾ ತನ್ನ ಅಧಿಕೃತ ರತ್ನ ಎಂದು ಸಾರಿತು. ಒಂದು ಕಾಲಕ್ಕೆ ಉತ್ತರ ಅಮೆರಿಕವನ್ನು ಮಧ್ಯೆ ಸೀಳಿಕೊಂಡು ಉತ್ತರಧ್ರುವದ ಕಡೆಯಿಂದ ಮೆಕ್ಸಿಕೊ ಕೊಲ್ಲಿಯವರೆಗೆ ಒಂದು ಸಮುದ್ರವಿತ್ತು. ಅದರ ತಳದ ಕಪ್ಪು ಕೆಸರು, ಜೊತೆಗೆ ಜ್ವಾಲಾಮುಖಿಗಳ ಬೂದಿ ಇಳಿದು ಆದ ನುಣ್ಣನೆ ಜೇಡಿ, ಚಿಪ್ಪುಗಳನ್ನು ಎಷ್ಟು ಜೋಪಾನವಾಗಿ ಮುಚ್ಚಿಟ್ಟಿತೆಂದರೆ ಅವುಗಳ ಮೂಲದ ಮುತ್ತಿನ ಪದರ ಹಾಗೇ ಉಳಿಯಿತು. ಬೇರೆ ಕಡೆ ಆ ಪದರ ಕಾಲ ಕಳೆದಂತೆ ಸಾಮಾನ್ಯ ಸುಣ್ಣದ ಹರಳಾಗಿ ಮಾರ್ಪಟ್ಟು ಬೆಡಗು ಕಳೆದುಕೊಳ್ಳುತ್ತದೆ.

ಬಣ್ಣದ ಪದರದ ದಪ್ಪ ಒಂದು ಮಿಲಿಮೀಟರೂ ಇಲ್ಲ. ಅದರೊಳಗೆ ಬಿಲ್ಲೆಗಳನ್ನು ಅಡುಕಿದಂತೆ ಅತಿ ತೆಳುವಾದ ಹಾಳೆಗಳು. ಬೆಳಕು ಒಂದೊಂದು ಹಾಳೆಯಿಂದಲೂ ಚೂರುಚೂರು ಹಿಂತಿರುಗಿ ಒಂದನ್ನೊಂದು ಕೂಡುತ್ತದೆ, ಕಳೆಯುತ್ತದೆ. ಹಾಳೆ ದಪ್ಪವಿದ್ದಲ್ಲಿ ಕೆಂಪು, ತೆಳುವಾದಂತೆ ಹಸಿರು, ಇನ್ನೂ ತೆಳುವಾದರೆ ನೀಲಿ, ನೇರಳೆ. ನೀಲಿ ಅಪರೂಪ, ಹಾಗಾಗಿ ದುಬಾರಿ. ಬಣ್ಣ ಅಂತ ಅಲ್ಲಿ ಏನೂ ಬಳಿದಿಲ್ಲ. ಅರೆದು ಪುಡಿ ಮಾಡಿದರೆ ಕೈಗೆ ಬರುವುದು ಬರೀ ಬಿಳಿ ಸುಣ್ಣ. ಮಳೆ ಬಂದ ದಿನ ಪೆಟ್ರೋಲ್ ಬಂಕಿನ ಮುಂದಿನ ಹೊಂಡದಲ್ಲಿ ಕಾಮನಬಿಲ್ಲು ಮೂಡುತ್ತದಲ್ಲ, ಅದರದೇ ವೈಭವದ ರೂಪ. ನಮ್ಮ ಬೆಂಗಳೂರಿನಲ್ಲಿ ಕೂತು ಸಿ.ವಿ. ರಾಮನ್ ಅವರು 1930ರ ದಶಕದಲ್ಲಿ ಹೊಳೆಯುವ ಚಿಪ್ಪುಗಳ ಬಗ್ಗೆ ಸಾಲಾಗಿ ಲೇಖನ ಬರೆದಿದ್ದರೆಂದು ಗೊತ್ತಾದದ್ದೂ ಈ ರಾತ್ರಿಗಳಲ್ಲೇ. ನೊಬೆಲ್ ಬಂದ ಮೇಲೂ ಅವರು ಚಿಪ್ಪು, ಹರಳು, ಚಿಟ್ಟೆ, ಹಕ್ಕಿ ಅಂತ ಗುಡ್ಡೆ ಹಾಕಿಕೊಂಡಿದ್ದರು. ಅವರ ಸಂಸ್ಥೆಯಲ್ಲಿ ಆ ಸಂಗ್ರಹ ಈಗಲೂ ಇದೆ. ಇದನ್ನು ಹೇಳುವಾಗ ಅಳಿಯಂದಿರ ದನಿಯಲ್ಲಿ ಸ್ವಲ್ಪ ಹೆಚ್ಚೇ ಉತ್ಸಾಹವಿತ್ತು. ಒಳಕೋಣೆಯಿಂದ ಮಗಳು, "ಅವರಿಗೆ ಇಡೋಕೆ ಜಾಗ ಇತ್ತು!" ಎಂದಳು.

ಮಗುವಿಗೆ ಮೂರು ತಿಂಗಳಾಗಿ, ತಲೆ ನಿಂತ ಮೇಲೆ, ಒಂದು ಭಾನುವಾರ ಎಲ್ಲರೂ ಕಾರಿನಲ್ಲಿ ದಕ್ಷಿಣಕ್ಕೆ ಹೊರಟೆವು. ಎರಡೂವರೆ ಗಂಟೆಯ ದಾರಿ. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡಿದ್ದೆ. ಸೇಂಟ್ ಮೇರಿ ನದಿಯ ದಂಡೆಯಲ್ಲಿ ಹೊಲವಿರುವ ರೈತರೊಬ್ಬರಿಂದ ಅಳಿಯಂದಿರು ಮೊದಲೇ ಒಪ್ಪಿಗೆ ಪಡೆದಿದ್ದರು. ಅಲ್ಲಿನ ನಿಯಮ ಬಲು ಬಿಗಿ. ಅಗೆಯುವಂತಿಲ್ಲ, ಅದಕ್ಕೆ ಬೇರೆಯೇ ಪರವಾನಗಿ. ನದಿ ತಾನಾಗಿ ಕೆಡವಿ ಮೇಲೆ ಹಾಕಿದ್ದನ್ನು, ಹೊಲದವರು ಒಪ್ಪಿದರೆ, ಎತ್ತಿಕೊಳ್ಳಬಹುದು. ಎತ್ತಿಕೊಂಡರೂ ಅದು ನಮ್ಮದಾಗುವುದಿಲ್ಲ. ಪಳೆಯುಳಿಕೆಯ ಒಡೆತನ ಪ್ರಾಂತ್ಯದ್ದು. ಎತ್ತಿದವರು ಕಾಪಾಡುವವರು ಮಾತ್ರ. ಮಾರುವಂತಿಲ್ಲ, ಕಾಗದಪತ್ರವಿಲ್ಲದೆ ಪ್ರಾಂತ್ಯದಿಂದಾಚೆ ಒಯ್ಯುವಂತಿಲ್ಲ.

ಮಗಳು ಇದನ್ನು ಕೇಳಿ ಪ್ರತಿ ಸಲವೂ ನಗುತ್ತಾಳಂತೆ, ತನ್ನದಲ್ಲದ ಕಲ್ಲಿಗೆ ತನ್ನ ಬೀರು ಯಾಕೆ ಎಂದು. ನನಗೇನೂ ಹೊಸದೆನಿಸಲಿಲ್ಲ. ನಮ್ಮ ಮಾವನವರ ಕಾಲದಲ್ಲಿ ಹಿಸ್ಸೆಯಾದಾಗ ಮನೆ, ಗದ್ದೆ, ಹನ್ನೊಂದು ತೆಂಗಿನಮರ, ಕಡೆಗೆ ಒಂದು ಹಿತ್ತಾಳೆ ಹಂಡೆಗೂ ಬೆಲೆ ಕಟ್ಟಿದ್ದರು. ಸಾಲಿಗ್ರಾಮಕ್ಕೆ ಕಟ್ಟಲಿಲ್ಲ. ಅದಕ್ಕೆ ಬೆಲೆ ಹೇಳಬಾರದು. ಯಾರ ಮನೆಯಲ್ಲಿ ಪೂಜೆ ನಡೆಯುತ್ತದೋ ಅಲ್ಲಿರುತ್ತದೆ, ಅಷ್ಟೆ. ಆಲ್ಬರ್ಟಾದ ಸರ್ಕಾರಕ್ಕೂ ನಮ್ಮ ಮಾವನವರಿಗೂ ಮೊದಲೇ ಪತ್ರವ್ಯವಹಾರ ನಡೆದಿತ್ತೇನೋ ಎನ್ನುವ ಹಾಗೆ.

ದಂಡೆ ಎಂದರೆ ಕಪ್ಪು ಜೇಡಿಯ ಕಡಿದಾದ ಗೋಡೆ. ಒದ್ದೆಯಾದಲ್ಲಿ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿದು ಕಾಲು ಮಾತ್ರ ಮೇಲೆ ಬರುತ್ತದೆ. ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ತಲೆಗೆ ಮಗಳ ಉಣ್ಣೆ ಟೋಪಿ ಹಾಕಿಕೊಂಡು ನಾಟಿಗೆ ಇಳಿದವಳಂತೆ ಬಗ್ಗಿದೆ. ಹತ್ತು ನಿಮಿಷದಲ್ಲೇ ಕೆಂಪು ಹಸಿರಾಗಿ ಏನೋ ಮಿಂಚಿತು. "ಸಿಕ್ತು!" ಎಂದು ಕೂಗಿದೆ. ಅಳಿಯಂದಿರು ಕೆಸರಿನಲ್ಲಿ ಓಡಿಬಂದರು. ಚಾಕೊಲೇಟ್ ಸುತ್ತಿದ್ದ ಕಾಗದ. ಎರಡನೆಯ ಸಲ ಸಿಕ್ಕಿದ್ದೂ ಅದೇ, ಬೇರೆ ಕಂಪನಿಯದು. ಅವರು ಎರಡನ್ನೂ ಬಹಳ ಮರ್ಯಾದೆಯಿಂದ ಪರೀಕ್ಷಿಸಿ ಜೇಬಿಗೆ ಹಾಕಿಕೊಂಡರು. ಅಂಥ ಅಳಿಯ ಸಿಗುವುದು ಕಷ್ಟ.

ಮೂರನೆಯ ಸಲ ನಾನು ಕೂಗಲಿಲ್ಲ. ಅಂಗೈಯಗಲದ ಚೂರು. ಒಂದು ಕಡೆ ಕೆಸರು, ಇನ್ನೊಂದು ಕಡೆ ಕೆಂಡ. ಸೆರಗಿನಲ್ಲಿ ಒರೆಸಿದೆ. ಕೆಂಪಿನ ಅಂಚಿಗೆ ಹಸಿರು ಬಂತು, ಅದರ ನಡುವೆ ಸುರುಳಿಯ ಒಂದು ತುಂಡು ಬಾಗಿಕೊಂಡಿತ್ತು. ಎಷ್ಟು ಹೊತ್ತು ಹಾಗೆ ಹಿಡಿದು ನಿಂತಿದ್ದೆನೋ. ಹೊಸಿಲಿನ ಈಚೆ ನಿಂತು 38 ವರ್ಷ ಭುಜದ ಸಂದಿನಲ್ಲಿ ನೋಡಿದ್ದರ ಬಳಗದ್ದು, ಈಗ ಕೈಯೊಳಗೆ ತಣ್ಣಗೆ ಕೂತಿತ್ತು. ಬೆರಳಿನಿಂದ ಸುತ್ತು ಸವರಿದೆ. ಸಿಡಿಲೇನೂ ಹೊಡೆಯಲಿಲ್ಲ. ದೂರದಲ್ಲಿ ರೈತರ ನಾಯಿ ಬೊಗಳಿತು, ಕಾರಿನಲ್ಲಿ ಮೊಮ್ಮಗ ಹಸಿದು ಅತ್ತ.

ಆ ಸೀಮೆಯ ಮೂಲ ನಿವಾಸಿಗಳು ಬ್ಲ್ಯಾಕ್‌ಫುಟ್ ಜನ. ಅವರಲ್ಲೊಂದು ಶಾಖೆಯಾದ ಕೈನೈ ಜನರ ಭೂಮಿ ಅಲ್ಲೇ ಪಕ್ಕದಲ್ಲಿದೆ. ಈ ಪಳೆಯುಳಿಕೆಗಳನ್ನು ಅವರು ಇನಿಸ್ಕಿಮ್ ಎನ್ನುತ್ತಾರೆ, ಕಾಡೆಮ್ಮೆಯ ಕಲ್ಲು ಎಂದು ಅರ್ಥ. ಹಸಿವಿನ ಒಂದು ಚಳಿಗಾಲದಲ್ಲಿ ಕಾಡೆಮ್ಮೆಗಳು ಎಲ್ಲೂ ಕಾಣದೆ ಜನ ಕಂಗೆಟ್ಟಿದ್ದಾಗ, ಸೌದೆಗೆ ಹೋದ ಹೆಂಗಸೊಬ್ಬಳಿಗೆ ಹಾಡು ಕೇಳಿಸಿತಂತೆ. ಹುಡುಕಿದರೆ ಹಾಡುತ್ತಿದ್ದದ್ದು ಒಂದು ಕಲ್ಲು. ಅವಳು ಅದನ್ನು ಎತ್ತಿಕೊಂಡು ಬಂದು ಹಾಡನ್ನು ಊರಿಗೆ ಕಲಿಸಿದಳು; ಕಾಡೆಮ್ಮೆಗಳು ಬಂದವು. ಆ ಕಲ್ಲುಗಳನ್ನು ಕೆಮ್ಮಣ್ಣು ಹಚ್ಚಿ, ಕಾಡೆಮ್ಮೆಯ ಕೂದಲಲ್ಲಿ ಸುತ್ತಿ ತೆಗೆದಿಡುತ್ತಾರೆ. ಗಂಧ ಹಚ್ಚಿ ತುಳಸಿಯಿಟ್ಟು ಸಂಪುಟದಲ್ಲಿ ಮುಚ್ಚಿಡುವ ಕಡೆಯಿಂದ ಬಂದವಳಿಗೆ ಇದರಲ್ಲಿ ಅರ್ಥವಾಗದ್ದು ಏನಿದೆ? ಮೊದಲು ಎತ್ತಿಕೊಂಡವಳು ಹೆಂಗಸು ಎಂಬ ಭಾಗವನ್ನು ಮಾತ್ರ ಅಳಿಯಂದಿರಿಂದ ಎರಡು ಸಲ ಹೇಳಿಸಿದೆ.

ನನ್ನ ಚೂರು ಕಾನೂನಿನಂತೆ ಅಲ್ಲೇ ಉಳಿಯಿತು. ಬೀರುವಿನಲ್ಲಿ ಹತ್ತಿಯ ಹಾಸಿಗೆ, ಚೀಟಿಯಲ್ಲಿ 'ಅತ್ತೆ' ಎಂದು ಕನ್ನಡದಲ್ಲಿ. ಅದರ ಪಕ್ಕದಲ್ಲಿ ಸಾಲಾಗಿ ತೂತು ಬಿದ್ದ ಒಂದು ಚಿಪ್ಪಿದೆ. ಅಂಥ ತೂತುಗಳ ಮೇಲೆ ವಿದ್ವಾಂಸರಲ್ಲಿ ದೊಡ್ಡ ವ್ಯಾಜ್ಯ. ಮೊಸಸಾರ್ ಎಂಬ ಕಡಲ ದೈತ್ಯ ಕಚ್ಚಿದ ಹಲ್ಲಿನ ಗುರುತು ಎಂದು 1960ರಲ್ಲಿ ಇಬ್ಬರು ಬರೆದರು. ಅಲ್ಲ, ಚಿಪ್ಪಿಗೆ ಅಂಟಿಕೊಂಡು ಕೂರುವ ಸಣ್ಣ ಶಂಖದ ಹುಳುಗಳು ಕೂತು ಕೂತು ಸವೆಸಿದ ಕುಳಿ ಎಂದು 1998ರಲ್ಲಿ ಇನ್ನೊಂದು ತಂಡ ಬರೆಯಿತು. ಮೂರು ವರ್ಷದಲ್ಲಿ ಹಲ್ಲಿನ ಪಕ್ಷದವರು ಮತ್ತೆ ಎದ್ದರು. ನನ್ನ ಅಭಿಪ್ರಾಯ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ: ಕಚ್ಚುವವರಿಗಿಂತ ಬಂದು ಕೂತು ಏಳದವರಿಂದಲೇ ಮನೆಗೆ ಹೆಚ್ಚು ತೂತು ಬೀಳುವುದು.

ಹೊರಡುವ ಮುನ್ನ ಮಗಳು ಬ್ಯಾನ್ಫ್ ಊರಿನ ಅಂಗಡಿಯಲ್ಲಿ ರಸೀದಿ ಸಮೇತ ಒಂದು ಪುಟ್ಟ ಅಮ್ಮೊಲೈಟ್ ಕೊಡಿಸಿದಳು. ಹೆಬ್ಬೆರಳ ಉಗುರಿನಷ್ಟು. ಬಹಳಷ್ಟು ಕಲ್ಲುಗಳಿಗೆ ಮೇಲೊಂದು ಗಟ್ಟಿ ಪಾರದರ್ಶಕ ಮುಚ್ಚಳ ಕೂರಿಸಿರುತ್ತಾರೆ, ಯಾಕೆಂದರೆ ಇದು ರತ್ನಗಳಲ್ಲಿ ತೀರ ಮೆದು. ಮುಚ್ಚಳವಿಲ್ಲದ್ದೇ ಬೇಕೆಂದು ನಾನು ಹಟ ಹಿಡಿದೆ. ಅಂಗಡಿಯಾಕೆ ನಿಯಮಗಳನ್ನು ಹೇಳಿದಳು: ಸೆಂಟು ತಾಗಿಸಬಾರದು, ಸೋಪಿನಲ್ಲಿ ತೊಳೆಯಬಾರದು, ಬೇರೆ ಒಡವೆಗಳ ಜೊತೆ ಬೆರೆಸಬಾರದು. ಹುಳಿಯಂತೂ ಸೋಕಲೇಬಾರದು, ನಿಂಬೆ, ಹುಣಸೆ, ಮೊಸರು ಏನಾದರೂ ಸರಿ, ಬಣ್ಣದ ಪದರವನ್ನು ತಿಂದುಹಾಕುತ್ತದೆ ಎಂದು ಅಳಿಯಂದಿರು ಕನ್ನಡದಲ್ಲಿ ಸೇರಿಸಿದರು. ಇದರ ಮಡಿ ನಮ್ಮತ್ತೆಯವರದಕ್ಕಿಂತ ಒಂದು ಕೈ ಮೇಲು.

ಮೈಸೂರಿಗೆ ಬಂದ ಮರುದಿನ ಹಳೆಯ ಜಾಗದಲ್ಲೇ ನಿಂತೆ. ಇವರು ಅಭಿಷೇಕ ಮಾಡುತ್ತಿದ್ದರು. ನಾನು ಈಚೆಯಿಂದ, ಒಳಗಿನ ಕೋಣೆಗಳು, ಗೋಡೆಗಳು, ನೀರು ಹೀರುವ ಕೊಳವೆ ಎಲ್ಲವನ್ನೂ ಹೇಳುತ್ತಾ ಹೋದೆ. ಪೂಜೆಯ ನಡುವೆ ಮಾತಾಡಿದರೆ ಸಿಟ್ಟಾಗುವವರು ಅಂದು ಸುಮ್ಮನೆ ಕೇಳಿದರು. ಆಮೇಲೆ ತೂತಿರುವ ಆ ದೊಡ್ಡ ಸಾಲಿಗ್ರಾಮವನ್ನು ಬೆಳಕಿಗೆ ಹಿಡಿದು ತಾವೇ ಒಳಗೆ ಇಣುಕಿ, "ಎಷ್ಟು ಕೋಣೆ ಅಂದೆ?" ಎಂದರು. ಎಣಿಸಲು ಹೋಗಿ ಮಂತ್ರ ಎಲ್ಲಿಗೆ ಬಂದಿತ್ತೆಂದು ಮರೆತು ಮೊದಲಿನಿಂದ ಶುರುಮಾಡಿದರು. ಊಟ ತಡವಾಯಿತು.

ಊಟದ ಕೊನೆಗೆ ನಾನು ಹತ್ತಿಯ ಡಬ್ಬಿ ತೆರೆದು ನನ್ನದನ್ನು ಮೇಜಿನ ಮೇಲಿಟ್ಟೆ. ಕಿಟಕಿಯ ಬಿಸಿಲಿಗೆ ಅದು ಕೆಂಪಾಯಿತು, ಹಸಿರಾಯಿತು. ಇವರು ಕನ್ನಡಕ ಸರಿಮಾಡಿಕೊಂಡು, ತಟ್ಟೆಯ ಮುಂದಿನಿಂದ ಬಗ್ಗಿ, ಮಗುವಿನ ಹಾಗೆ ಬೆರಳು ಚಾಚಿದರು.

"ರೀ, ಮುಟ್ಟಬೇಡಿ," ಎಂದೆ. "ಮೊಸರನ್ನದ ಕೈ."